ನಾಕನೇ ಸಲ ಬಂದ ಹೆಣ್ಮಗಳಿಗೂ ಅದೇ ಒಂದು ಗುಳಿಗಿ ಕೊಟ್ಟು ಕಳಿಸಬ್ಯಾಡ್ರಿ: ಆರೋಗ್ಯ ಇಲಾಖೆಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಇಲಾಖೆ ಅಧಿಕಾರಿಗಳಿಗೆ, ಕಲಬುರಗಿ ಯಾದಗಿರಿ ಬೀದರ್ ಕಡಿ ತಾಲೂಕು ದವಾಖಾನಿಯಾಗ ಮುಂಜಾನಿಂದ ಕುಂತು ಮಂದಿ ನೋಡೋ ಡಾಕ್ಟರ್ ಬಾಯಿಯೋರಿಗೆ, ಮತ್ತ ಇದನ್ನ ಓದೋ ನನ್ನ ಅಕ್ಕ-ತಂಗ್ಯಾರಿಗೆ, ನಮಸ್ಕಾರ್ರಿ.

ಹೆಣ್ಮಕ್ಕಳ ಯೋನಿಯೊಳಗ ಆಗೋ ಯೀಸ್ಟ್ ಇನ್‌ಫೆಕ್ಷನ್ ಬಗ್ಗೆ ಈ ಪತ್ರ ಬರೀಲಾಕತ್ತೀನಿ. ಒಮ್ಮಿ ಬಂದು ಒಂದು ಗುಳಿಗಿಗೆ ಹೋಗಿಬಿಡ್ತದಲ್ಲ ಅದಲ್ಲ, ಹೋಯ್ತು ಅನ್ನೋದ್ರಾಗ ಮತ್ತ ಬರ್ತದಲ್ಲ, ತಿಂಗಳಿಗೊಮ್ಮಿ ಎರಡು ತಿಂಗಳಿಗೊಮ್ಮಿ ಮುಟ್ಟಿನ ಮುಂದ ಹಾಜರ್ ಆಗ್ತದಲ್ಲ, ಅದರ ಬಗ್ಗೆ. ನಮ್ಮ ಕಡಿ ಇದಕ್ಕ ಬಿಳಿ ಸೆರಗು ಅಂತಾರ, ಹೀಟ್ ಆಗ್ಯದ ಅಂತಾರ, ಭಾಳ ಮಂದಿ ಏನೂ ಅನ್ನಂಗಿಲ್ಲ, ಬಾಯಿ ಮುಚ್ಕೊಂಡು ಇದ್ದುಬಿಡ್ತಾರ. ನನಗೂ ಈ ತ್ರಾಸು ವರ್ಷಗಟ್ಲೆ ಇತ್ತು. ಹೆಸರು ಹಾಕಂಗಿಲ್ಲ, ಮನ್ಯಾಗ ಹಿರೇರು ಅದಾರ, ಆದ್ರ ಬರಿಯೋದು ಮಾತ್ರ ಮುಚ್ಚುಮರಿ ಇಲ್ದ ಬರೀತೀನಿ.

ನಾ ಹೇಳೋ ಮಾತು ಒಂದೇ ಅದ. ಮೊದಲನೇ ಸಲ ಬಂದ ಹೆಣ್ಮಗಳಿಗೂ ಒಂದೇ ವರ್ಷದಾಗ ನಾಕನೇ ಸಲ ಬಂದ ಹೆಣ್ಮಗಳಿಗೂ ಒಂದೇ ಔಷಧ ಸಿಗ್ಲಾಕತ್ತದ, ಯಾಕಂದ್ರ ಆಕಿ ನಾಕನೇ ಸಲ ಬಂದಾಳ ಅನ್ನೋದು ಎದುರು ಕುಂತ ಡಾಕ್ಟರ್‌ಗೆ ಗೊತ್ತಾಗೋ ದಾರಿನೇ ಇಲ್ಲ. ಓಪಿಡಿ ಚೀಟಿ ಪ್ರತಿ ಸಲ ಹೊಸದು ಮಾಡಿಸ್ತೀವಿ, ಹಳೆ ಚೀಟಿ ಮನ್ಯಾಗ ಎಲ್ಲೋ ಹೋಗಿರ್ತದ, ಹ್ವಾದ ಸಲ ಇದ್ದ ಡಾಕ್ಟರ್ ಈ ಸಲ ವರ್ಗ ಆಗಿರ್ತಾರ, ನಾವೂ ನಾಚಿಕಿಗೆ "ಮೊದಲೂ ಬಂದಿತ್ರಿ" ಅನ್ನೋದು ಬಿಟ್ಟು "ಬಿಳಿ ಹೋಗ್ಲಾಕತ್ತದ್ರಿ" ಅಂತ ಅಷ್ಟೇ ಹೇಳಿ ಕೈ ಚಾಚ್ತೀವಿ. ಹಿಂದ ಇಪ್ಪತ್ತು ಮಂದಿ ನಿಂತಿರ್ತಾರ. ಹಂಗಾಗಿ ಪ್ರತಿ ಸಲಾನೂ ಮೊದಲನೇ ಸಲನೇ ಆಗ್ತದ.

ಓದೋರಾಗ ಗಂಡಸ್ರೂ ಇರ್ತಾರ, ಅದಕ್ಕ ಇದು ಏನು ಅಂತ ಹೇಳಿ ಮುಂದ ಹೋಗ್ತೀನಿ. ಕ್ಯಾಂಡಿಡಾ ಅಂತ ಒಂದು ಫಂಗಸ್ ಅದ. ಅದು ಯಾರೋ ಹಚ್ಚಿಬಿಡೋ ರೋಗ ಅಲ್ಲ, ಆರಾಮ ಇರೋ ಹೆಣ್ಮಕ್ಕಳ ಮೈಯಾಗೂ ಇರ್ತದ, ಕರುಳಾಗ ಇರ್ತದ, ಯೋನಿಯಾಗೂ ಸ್ವಲ್ಪ ಇರ್ತದ, ಏನೂ ಮಾಡಂಗಿಲ್ಲ. ಗರ್ಭಿಣಿ ಆದಾಗ, ಶುಗರ್ ಏರಿದಾಗ, ಯಾವುದೋ ಜ್ವರಕ್ಕ ನೆಗಡಿಗೆ ಆಂಟಿಬಯಾಟಿಕ್ ತಗೊಂಡಾಗ ಅದಕ್ಕ ಬೆಳಿಲಾಕ ಜಾಗ ಸಿಗ್ತದ. ಆವಾಗ ಕಡಿತ ಶುರು ಆಗ್ತದ, ಉರಿ, ಕೆಂಪಗಾಗೋದು, ಬಾವು, ಚರ್ಮ ಸಣ್ಣಗ ಸೀಳೋದು, ಮೂತ್ರ ಹೋದ್ರ ಹೊರಗಿನ ಚರ್ಮಕ್ಕ ಉರಿ, ಗಂಡನ ಜೋಡಿ ಇದ್ದಾಗ ನೋವು, ಮತ್ತ ಒಡದ ಮೊಸರಿನಂಗ ಗಟ್ಟಿ ಬಿಳಿ. ನಾತ ಭಾಳ ಇರಂಗಿಲ್ಲ. ನಾಕು ಮಂದಿ ಹೆಣ್ಮಕ್ಕಳಾಗ ಮೂರು ಮಂದಿಗೆ ಜೀವನದಾಗ ಒಮ್ಮೆರ ಇದು ಬರ್ತದ, ಅಂದ್ರ ಇದು ಯಾವ ನಡತಿಗೂ ಸಂಬಂಧಪಟ್ಟಿದ್ದಲ್ಲ. ವರ್ಷದಾಗ ಮೂರು ನಾಕು ಸಲ ಮತ್ಮತ್ತ ಬಂದ್ರ ಅದಕ್ಕ ಪದೇ ಪದೇ ಬರೋ ಯೀಸ್ಟ್ ಅಂತ ಡಾಕ್ಟರ್‌ಗಳು ಬ್ಯಾರೆನೇ ಲೆಕ್ಕ ಹಿಡೀತಾರ. 2018ರಾಗ ಬಂದ ಒಂದು ಅಂದಾಜಿನ ಪ್ರಕಾರ ಜಗತ್ತಿನಾಗ ವರ್ಷಕ್ಕ ಸುಮಾರು 13.8 ಕೋಟಿ ಹೆಣ್ಮಕ್ಕಳಿಗೆ ಹಿಂಗ ಪದೇ ಪದೇ ಬರ್ತದ. ಇಷ್ಟು ಮಂದಿಗೆ ಇದ್ದ ರೋಗಕ್ಕ ನಮ್ಮ ತಾಲೂಕಿನಾಗ ಒಂದು ದಾರಿ ಇಲ್ಲ ಅಂದ್ರ ಹೆಂಗ್ರಿ?

ಜೀವಕ್ಕ ಅಪಾಯ ಇಲ್ಲಲ್ಲ ಅಂತ ಯಾರರ ಅಂದ್ರ, ಖರೇ ಅದ, ಇದರಿಂದ ಯಾರೂ ಸಾಯಂಗಿಲ್ಲ. ಆದ್ರ ತೊಗರಿ ರಾಶಿ ಟೈಮಿನಾಗ ಹೊಲದಾಗ ದಿನಪೂರ್ತಿ ನಿಂತ ಹೆಣ್ಮಗಳಿಗೆ ಆ ಕಡಿತ ಶುರು ಆದ್ರ ಎಲ್ಲಿ ಹೋಗ್ಬೇಕ್ರಿ ಆಕಿ? ಶಹಾಪುರ ಸುರಪುರ ಕಡಿ ಭತ್ತ ನಾಟಿ ಮಾಡೋ ಹೆಣ್ಮಕ್ಕಳು ಮೊಳಕಾಲ ತನ ನೀರಾಗ ನಿಂತು ಹಸಿ ಸೀರ್ಯಾಗೇ ಸಂಜಿ ತನ ದುಡೀತಾರ. ನಮ್ಮ ಕಲಬುರಗಿ ಬ್ಯಾಸಗಿ ನಿಮಗ ಗೊತ್ತೇ ಅದ, 42-43 ಡಿಗ್ರಿ ಬಿಸಿಲು, ಬೆವರು, ಎಷ್ಟೋ ಊರಾಗ ಜಳಕಕ್ಕ ನೀರಿನ ತ್ರಾಸು. ಬಸ್‌ನ್ಯಾಗ ನಿಂತ ಕಾಲೇಜು ಹುಡುಗಿ, ಕ್ಲಾಸಿನಾಗ ನಿಂತು ಪಾಠ ಹೇಳೋ ಟೀಚರ್, ಅಂಗನವಾಡಿ ಅಕ್ಕೋರು, ಯಾರೂ ಯಾರ ಮುಂದೂ ಹೇಳಂಗಿಲ್ಲ, ರಾತ್ರಿ ನಿದ್ದಿ ಇಲ್ಲ, ಗಂಡನ ಹತ್ರ ಹೋಗ್ಲಾಕ ಹೆದರಿಕಿ, ಗಂಡಗ ಸಿಟ್ಟು. ಮನಸ್ಸು ಹೊಲ್ಲಾಗ್ತದ್ರಿ, ನಮ್ಮ ಮೈ ನಮಗೇ ಬ್ಯಾಸರ ಆಗ್ತದ.

ಈಗ ಔಷಧದ ಮಾತಿಗೆ ಬರ್ತೀನಿ. ಸರ್ಕಾರಿ ದವಾಖಾನಿಯಾಗ ಬಿಳಿ ಸೆರಗಿಗೆ ಹಸಿರು ಕಿಟ್ ಅಂತ ಕೊಡ್ತಾರ, ನ್ಯಾಕೋ ಅಂದ್ರ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ, ಅದರ ಸುರಕ್ಷಾ ಕ್ಲಿನಿಕ್‌ನ್ಯಾಗ ಅದಕ್ಕ ಕಿಟ್ ನಂಬರ್ 2 ಅಂತಾರ. ಅದರಾಗ ಬ್ಯಾರೆ ಇನ್‌ಫೆಕ್ಷನ್‌ಗೆ ಸೆಕ್ನಿಡಜೋಲ್ 2 ಗ್ರಾಂ ಒಂದು, ಯೀಸ್ಟಿಗೆ ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದು. ಲ್ಯಾಬ್ ಇಲ್ದ ಜಾಗದಾಗ ಲಕ್ಷಣ ನೋಡಿ ಒಮ್ಮೆಲೆ ಎರಡು ಮೂರು ರೋಗಕ್ಕೂ ಔಷಧ ಕೊಟ್ಟುಬಿಡೋಣ, ಹೆಣ್ಮಗಳು ಮತ್ತ ವಾಪಸ್ ಬರ್ತಾಳೋ ಇಲ್ಲೋ, ಅನ್ನೋ ಒಳ್ಳೆ ವಿಚಾರದಿಂದ ಮಾಡಿದ ಕಿಟ್ ಅದು. ಮೊದಲನೇ ಸಲಕ್ಕ ಅದು ಛಲೋನೇ, ಆ ಕಿಟ್‌ನಿಂದ ಎಷ್ಟೋ ಮಂದಿಗೆ ಆರಾಮ ಆಗ್ಯದ, ನಾ ಅದನ್ನ ಬೈಯಂಗಿಲ್ಲ. ಆದ್ರ ಪದೇ ಪದೇ ಬರೋದಕ್ಕ ಆ ಒಂದು ಗುಳಿಗಿ ಸಾಲಂಗಿಲ್ಲ, ಮತ್ತ ಪ್ರತಿ ಸಲ ಯೀಸ್ಟ್ ಹೌದೋ ಅಲ್ಲೋ ನೋಡ್ದೇ ಅದನ್ನೇ ಕೊಡೋದು ಸರಿ ಅಲ್ಲ.

ಯಾಕಂದ್ರ ಬಿಳಿ ಹೋಗೋದೆಲ್ಲಾ ಯೀಸ್ಟ್ ಅಲ್ಲ. ಬ್ಯಾಕ್ಟೀರಿಯಾದಿಂದ ಆಗೋದು ಬ್ಯಾರೆ, ಅದು ತೆಳ್ಳಗ ಬೂದಿ ಬಣ್ಣ, ಮೀನಿನ ನಾತ. ಟ್ರೈಕೊಮೊನಾಸ್ ಅನ್ನೋ ಕಣ್ಣಿಗೆ ಕಾಣದ ಹುಳದಿಂದ ಆಗೋದು ಬ್ಯಾರೆ, ಅದಕ್ಕ ಗಂಡಗೂ ಔಷಧ ಕೊಡಬೇಕು. ಹೊಟ್ಟಿ ಕೆಳಗ ನೋವು, ಜ್ವರ ಇದ್ರ ಅದು ಗರ್ಭಚೀಲದ ತನ ಹೋದ ಇನ್‌ಫೆಕ್ಷನ್ ಇರಬಹುದು, ಅದಕ್ಕ ತಡ ಮಾಡಲೇಬಾರದು. ಎರಡು ಮುಟ್ಟಿನ ನಡುವ ಸ್ವಲ್ಪ ತಿಳಿ ಬಿಳಿ ಹೋಗೋದು ರೋಗನೇ ಅಲ್ಲ, ಅದು ಮೈಯ ಧರ್ಮ. ಅಮೆರಿಕಾದಾಗ 2002ರಾಗ ಬಂದ ಒಂದು ಅಧ್ಯಯನದಾಗ ತಮಗ ಯೀಸ್ಟ್ ಆಗ್ಯದ ಅಂತ ತಾವೇ ತಿಳ್ಕೊಂಡು ಔಷಧ ಕೊಳ್ಳಾಕ ಬಂದ ಹೆಣ್ಮಕ್ಕಳನ್ನ ಟೆಸ್ಟ್ ಮಾಡಿದ್ರ ಮೂರು ಮಂದ್ಯಾಗ ಸುಮಾರು ಒಬ್ಬಾಕಿಗೆ ಮಾತ್ರ ಅದು ಯೀಸ್ಟ್ ಇತ್ತು. ಓದಿದ ಹೆಣ್ಮಕ್ಕಳ ಅಂದಾಜೇ ಹಿಂಗಾದ್ರ, ಪರದಾ ಹಿಂದ ನೋಡ್ದೇ ಬರೇ ಮಾತು ಕೇಳಿ ಬರೆದ ಚೀಟಿ ಎಷ್ಟು ಸರಿ ಇರ್ತದ?

ಟೆಸ್ಟ್ ಅಂದ್ಕೂಡ್ಲೆ ದೊಡ್ಡ ಮಶೀನು, ಹೈದರಾಬಾದ್ ಲ್ಯಾಬು ಅಂತ ತಿಳೀಬ್ಯಾಡ್ರಿ. ಹುಳಿ ಎಷ್ಟದ ಅಂತ ತೋರಿಸೋ ಒಂದು ಪಿಎಚ್ ಕಾಗದದ ಪಟ್ಟಿ, ಅದನ್ನ ಯೋನಿಯ ಗೋಡಿಗೆ ಹಚ್ಚಿ ಬಣ್ಣ ನೋಡೋದು, ಯೀಸ್ಟ್ ಇದ್ರ ಸಾಮಾನ್ಯವಾಗಿ 4.5ರ ಒಳಗೇ ಇರ್ತದ, ಬ್ಯಾಕ್ಟೀರಿಯಾದ್ದು, ಟ್ರೈಕೊಮೊನಾಸ್‌ದ್ದು ಇದ್ರ ಸಾಮಾನ್ಯವಾಗಿ ಅದಕ್ಕಿಂತ ಮ್ಯಾಲ ಹೋಗ್ತದ. ಆಮ್ಯಾಲ ಹತ್ತಿ ಕಡ್ಡಿಲೆ ಸ್ವಲ್ಪ ತಗದು ಗಾಜಿನ ಸ್ಲೈಡ್ ಮ್ಯಾಲ ಹಚ್ಚಿ ಎರಡು ಹನಿ 10 ಪರ್ಸೆಂಟ್ ಕೆಒಎಚ್ ಅನ್ನೋ ಕೆಮಿಕಲ್ ಹಾಕಿ ಮೈಕ್ರೋಸ್ಕೋಪ್‌ನ್ಯಾಗ ನೋಡೋದು, ಎಳಿ ಎಳಿ ಆಗಿ ಫಂಗಸ್ ಕಾಣ್ತದ. ಟಿಬಿ ಕಫ ನೋಡ್ಲಾಕ, ಮಲೇರಿಯಾ ರಕ್ತ ನೋಡ್ಲಾಕ ತಾಲೂಕಿನಾಗ ಮೈಕ್ರೋಸ್ಕೋಪ್ ಅದ, ಲ್ಯಾಬ್ ಟೆಕ್ನಿಷಿಯನ್ ಅದಾರ. ಅದೇ ಮೈಕ್ರೋಸ್ಕೋಪು, ಅದೇ ಟೆಕ್ನಿಷಿಯನ್ನು, ಬೇಕಾಗಿದ್ದು ಪಟ್ಟಿ, ಒಂದು ಬಾಟ್ಲಿ ಕೆಮಿಕಲ್ಲು, ಮತ್ತ "ನೋಡ್ರಿ" ಅಂತ ನಿಮ್ಮ ಒಂದು ಸುತ್ತೋಲೆ. ಸ್ಲೈಡಿನಾಗ ಕಾಣಲಿಲ್ಲ ಅಂದ್ರ ಇಲ್ಲ ಅಂತ ಗ್ಯಾರಂಟಿ ಅಲ್ಲ, ಎಷ್ಟೋ ಸಲ ತಪ್ತದ, ಅದಕ್ಕ ಪದೇ ಪದೇ ಬರೋರಿಗೆ ಕಲ್ಚರ್ ಬೇಕು, ಅಂದ್ರ ಸ್ಯಾಂಪಲ್ ಲ್ಯಾಬಿನಾಗ ಬೆಳಸಿ ಯಾವ ಫಂಗಸ್ ಅಂತ ನೋಡೋದು. ಕಲಬುರಗಿ ಜಿಮ್ಸ್, ಬೀದರ್ ಬ್ರಿಮ್ಸ್, ಯಾದಗಿರಿ ಮೆಡಿಕಲ್ ಕಾಲೇಜು, ಮೂರೂ ಕಡಿ ಮೈಕ್ರೊಬಯಾಲಜಿ ವಿಭಾಗ ಅದ. ತಾಲೂಕಿನಿಂದ ಟಿಬಿ ಸ್ಯಾಂಪಲ್ ಹೆಂಗ ಕಳಿಸ್ತೀರೋ ಹಂಗೇ ಇದನ್ನೂ ಕಳಿಸಬಹುದು.

ಕಲ್ಚರ್ ಯಾಕ ಅಂದ್ರ, ಕ್ಯಾಂಡಿಡಾದಾಗೂ ಜಾತಿ ಅವ. ಭಾಳ ಮಂದಿಗೆ ಬರೋದು ಆಲ್ಬಿಕನ್ಸ್, ಅದಕ್ಕ ಫ್ಲುಕೊನಜೋಲ್ ಸಾಮಾನ್ಯವಾಗಿ ನಡೀತದ. ಇನ್ನೊಂದು ಗ್ಲಾಬ್ರಾಟಾ ಅಂತ ಅದ, ಅದಕ್ಕ ಈ ಗುಳಿಗಿ ಅಷ್ಟು ಹತ್ತಂಗಿಲ್ಲ, ಎಷ್ಟು ನುಂಗಿದ್ರೂ ರೊಕ್ಕ ದಂಡ. ಅದಕ್ಕ ಬೋರಿಕ್ ಆಸಿಡ್ 600 ಮಿಲಿಗ್ರಾಂ ಕ್ಯಾಪ್ಸೂಲ್ ಮೂರು ವಾರ ರಾತ್ರಿ ಒಳಗಿಡೋ ಪದ್ಧತಿ ಅದ, ಡಾಕ್ಟರ್ ಹೇಳಿದ್ರ ಮಾತ್ರ. ಇಲ್ಲಿ ಒಂದು ಮಾತು ಹೇಳಲೇಬೇಕು, ಕೇರಂ ಬೋರ್ಡಿಗೆ ಹಾಕೋ ಪೌಡರೂ ಬೋರಿಕ್ ಆಸಿಡ್ಡೇ ಅಂತ ಯಾರರ ಅದನ್ನ ತಂದು ಹಚ್ಕೋಬ್ಯಾಡ್ರಿ, ಬಾಯಾಗ ಹೋದ್ರ ವಿಷ, ಸಣ್ಣ ಮಕ್ಕಳಿದ್ದ ಮನ್ಯಾಗ ಜೀವ ಹೋಗ್ತದ, ಗರ್ಭಿಣಿ ಹೆಣ್ಮಕ್ಕಳಂತೂ ಕ್ಯಾಪ್ಸೂಲನ್ನೂ ಮುಟ್ಟಬಾರದು.

ಇನ್ನ ಆಲ್ಬಿಕನ್ಸ್ ಇದ್ದು ಪದೇ ಪದೇ ಬರ್ತದ ಅಂದ್ರ ಅದಕ್ಕ ಗೊತ್ತಿದ್ದ ಚಿಕಿತ್ಸಾ ಅದ, ಹೊಸದಲ್ಲ. ಮೊದ್ಲು ಇದ್ದ ಇನ್‌ಫೆಕ್ಷನ್ ಪೂರ್ತಿ ತಗೀಬೇಕು, ಫ್ಲುಕೊನಜೋಲ್ 150 ಒಂದನೇ ದಿನ, ನಾಕನೇ ದಿನ, ಏಳನೇ ದಿನ, ಹಿಂಗ ಮೂರು. ಇಲ್ಲಾಂದ್ರ ಯೋನಿಯೊಳಗ ಇಡೋ ಔಷಧ ಕ್ಲೋಟ್ರಿಮಜೋಲ್ ಒಂದರಿಂದ ಎರಡು ವಾರ. ಆಮ್ಯಾಲ ವಾರಕ್ಕೊಂದು ಫ್ಲುಕೊನಜೋಲ್ ಗುಳಿಗಿ, ಆರು ತಿಂಗಳ ತನ. ಆರು ತಿಂಗಳು ಅಂದ್ರ ಲೆಕ್ಕಕ್ಕ 26 ಗುಳಿಗಿ, ಅಷ್ಟೇ. 2004ರಾಗ ಅಮೆರಿಕಾದಾಗ ಇದನ್ನ ದೊಡ್ಡ ಪ್ರಮಾಣದಾಗ ಪರೀಕ್ಷಾ ಮಾಡಿ ನೋಡ್ಯಾರ, ಆರು ತಿಂಗಳು ವಾರಕ್ಕೊಂದು ತಗೊಂಡೋರಾಗ 100ಕ್ಕ 90 ಮಂದಿಗೆ ಆ ಟೈಮಿನಾಗ ಮತ್ತ ಬರಲಿಲ್ಲ, ಹೋಲಿಸಿ ನೋಡ್ಲಾಕ ಕೊಟ್ಟ ಔಷಧ ಇಲ್ದ ಸುಳ್ಳ ಗುಳಿಗಿ ತಗೊಂಡೋರಾಗ 100ಕ್ಕ 36 ಮಂದಿಗೆ ಮಾತ್ರ ಬರಲಿಲ್ಲ. ಗುಳಿಗಿ ನಿಂತ ಮ್ಯಾಲ ಇನ್ನಾರು ತಿಂಗಳಿಗೆ ನೋಡಿದ್ರ, ಮತ್ತ ಬರದೇ ಉಳದೋರು ಔಷಧ ತಗೊಂಡೋರಾಗ 43, ಸುಳ್ಳ ಗುಳಿಗಿಯೋರಾಗ 22. ಅಂದ್ರ ನಿಲ್ಲಿಸಿದ ಮ್ಯಾಲ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮತ್ತ ಬರ್ತದ, ಇದನ್ನೂ ಖರೇ ಹೇಳಬೇಕು, ಹೇಳಲಿಲ್ಲಂದ್ರ ಹೆಣ್ಮಗಳು "ನನಗೇನೋ ದೊಡ್ಡ ರೋಗ ಆಗ್ಯದ" ಅಂತ ಎದಿ ಒಡ್ಕೋತಾಳ. ಆದ್ರ ಆರು ತಿಂಗಳು ಆರಾಮ ನಿದ್ದಿ ಸಿಗ್ತದಲ್ರಿ, ಅದೇನು ಸಣ್ಣ ಮಾತೇ?

ನನಗ ಕಡೀಗೆ ಇದು ಸಿಕ್ಕಿದ್ದು ಸೊಲ್ಲಾಪುರದಾಗ. ನಮ್ಮ ಕಡಿ ಮಂದಿ ಯಾವ ರೋಗಕ್ಕೂ ಸೊಲ್ಲಾಪುರ ಇಲ್ಲಾ ಹೈದರಾಬಾದ್ ಅಂತ ಗಾಡಿ ಹತ್ತೋದು ಹೊಸದೇನಲ್ಲ. ಅಲ್ಲಿ ಡಾಕ್ಟರ್ ಬಾಯಿ ಮೊದ್ಲು ಕೇಳಿದ್ದು "ಇದು ವರ್ಷದಾಗ ಎಷ್ಟನೇ ಸಲ?" ಅಂತ. ಆಮ್ಯಾಲ ಹತ್ತಿ ಕಡ್ಡಿಲೆ ಸ್ವಾಬ್ ಅಂತ ಸ್ಯಾಂಪಲ್ ತಗೊಂಡ್ರು, ಶುಗರ್ ನೋಡಿದ್ರು, ಯಾವ ಯಾವ ಗುಳಿಗಿ ನಡದಾವ ಕೇಳಿದ್ರು, ವಾರದ ಗುಳಿಗಿ ಬರೆದ್ರು, ಯಾವ ವಾರ ಅಂತ ನೆನಪಿರ್ಲಾಕ ಒಂದು ಕ್ಯಾಲೆಂಡರಿನಾಗ ಗುರುತು ಹಾಕ್ಕೋರಿ ಅಂದ್ರು. ಆಮ್ಯಾಲ ಒಂದು ಸಲ ಮತ್ತ ಬಂತು, ಆದ್ರ ಆವಾಗ ನನಗ ಏನು ಮಾಡಬೇಕು ಗೊತ್ತಿತ್ತು, ಹೆದರಿಕಿ ಆಗಲಿಲ್ಲ. ಅದರಾಗ ಸೊಲ್ಲಾಪುರಕ್ಕ ಹೋಗೋವಂಥಾದ್ದು ಏನೂ ಇರಲಿಲ್ಲ. ಒಂದು ಪ್ರಶ್ನೆ, ಒಂದು ಹತ್ತಿ ಕಡ್ಡಿ, ಒಂದು ಅಗ್ಗದ ಗುಳಿಗಿ. ಫ್ಲುಕೊನಜೋಲೂ ಕ್ಲೋಟ್ರಿಮಜೋಲೂ ಎರಡೂ ದೇಶದ ಅಗತ್ಯ ಔಷಧಿ ಪಟ್ಟಿಯಾಗ ಅವ. ಅಮೆರಿಕಾದಾಗ 2022ರಾಗ ಈ ರೋಗಕ್ಕ ಹೊಸ ದುಬಾರಿ ಗುಳಿಗಿಗೆ ಪರವಾನಗಿ ಸಿಕ್ಕದ, ನಾವು ಅದನ್ನ ಕೇಳ್ಲಾಕತ್ತಿಲ್ಲ, ಇದ್ದಿದ್ದನ್ನೇ ಸರಿಯಾಗಿ ಕೊಡ್ರಿ ಅಂತ ಕೇಳ್ತೀವಿ.

ಶುಗರ್ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀಬೇಕು. ನಮ್ಮ ಕಡಿ ನಲವತ್ತು ದಾಟಿದ ಎಷ್ಟು ಹೆಣ್ಮಕ್ಕಳಿಗೆ ಶುಗರ್ ಇದ್ದಿದ್ದು ಅವರಿಗೇ ಗೊತ್ತಿರಂಗಿಲ್ಲ, ಈ ಕಡಿತನೇ ಮೊದಲ ಸುಳಿವು ಆಗಿರ್ತದ. ಬಿಳಿ ಸೆರಗು ಅಂತ ಬಂದಾಕಿಗೆ ಬೆರಳಿನ ರಕ್ತ ಒಂದು ಹನಿ ತಗದು ನೋಡಿದ್ರ ಎರಡು ರೋಗ ಒಮ್ಮೆಲೆ ಸಿಗ್ತಾವ. ಈಗ ಗೃಹ ಆರೋಗ್ಯ ಅಂತ ಮನಿ ಮನಿಗೆ ಬಂದು ಬಿಪಿ ಶುಗರ್ ನೋಡ್ತಾರ, ಭಾಳ ಒಳ್ಳೆ ಕೆಲಸ, ಅದರ ಜೋಡಿ "ಕೆಳಗ ಕಡಿತ ಪದೇ ಪದೇ ಬರ್ತದೇನವ್ವಾ?" ಅಂತ ಆಶಾ ಅಕ್ಕೋರು ಒಂದು ಮಾತು ಕೇಳಿದ್ರ ಸಾಕು. ಇನ್ನೊಂದು ಏನಂದ್ರ, ಈಗ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಶುಗರ್ ಗುಳಿಗಿ ಬಂದಾವ, 2020ರಾಗ ಪೇಟೆಂಟ್ ಮುಗಿದ ಮ್ಯಾಲ ಡಪಾಗ್ಲಿಫ್ಲೋಜಿನ್ ಅಗ್ಗ ಆಗಿ ಊರೂರಿಗೂ ಬಂದದ. ಹೃದಯಕ್ಕ ಕಿಡ್ನಿಗೆ ಛಲೋ ಗುಳಿಗಿ ಅವು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅವು ರಕ್ತದಾಗಿನ ಸಕ್ಕರಿನ ಮೂತ್ರದಾಗ ಹೊರಗ ಹಾಕ್ತಾವ, ದಿನಕ್ಕ 70 ಗ್ರಾಂ ಹತ್ರ ಹತ್ರ, ಆ ಸಕ್ಕರಿ ಹತ್ತಿದ ಜಾಗದಾಗ ಯೀಸ್ಟ್ ಬೆಳಿಲಾಕ ಅನುಕೂಲ ಆಗ್ತದ. ಗುಳಿಗಿ ಬರೆಯೋ ಮುಂದ ಹೆಣ್ಮಗಳಿಗೆ ಇದೊಂದು ಮಾತು ಹೇಳ್ರಿ, ಕಡಿತ ಬಂದ್ರ ಬಂದು ತೋರಿಸವ್ವಾ, ಮೂತ್ರಕ್ಕ ಹೋಗಿ ಬಂದ ಮ್ಯಾಲ ನೀರು ಹಾಕಿ ತೊಳಕೊಂಡು ಒಣಗಿಸ್ಕೋ ಅಂತ. ಹೇಳಲಿಲ್ಲಂದ್ರ ಆಕಿ ಹೆದರಿ ಶುಗರ್ ಗುಳಿಗಿನೇ ಬಿಟ್ಟುಬಿಡ್ತಾಳ. ಮತ್ತ ಗ್ಲಿಮೆಪಿರೈಡ್‌ನಂಥ ಗುಳಿಗಿ ನಡದಿದ್ರ ಅದರ ಜೋಡಿ ಫ್ಲುಕೊನಜೋಲ್ ಕೊಟ್ರ ಶುಗರ್ ಒಮ್ಮೆಲೆ ಕೆಳಗ ಇಳೀಬಹುದು, ರಕ್ತ ತೆಳ್ಳಗ ಮಾಡೋ ವಾರ್ಫರಿನ್ ಇದ್ರ ರಕ್ತಸ್ರಾವ ಆಗಬಹುದು. ಬರೇ ಹಸಿರು ಕಿಟ್ ಕೈಗೆ ಕೊಟ್ಟು ಕಳಿಸೋದ್ರಾಗ ಈ ಪ್ರಶ್ನೆ ಯಾರು ಕೇಳಬೇಕು? ಗರ್ಭಿಣಿ ಇದ್ರ ಫ್ಲುಕೊನಜೋಲ್ ಗುಳಿಗಿ ಬ್ಯಾಡ, ಕ್ಲೋಟ್ರಿಮಜೋಲ್ ಏಳು ರಾತ್ರಿ ಒಳಗಿಡೋದು ಅಷ್ಟೇ, ಇದನ್ನೂ ಕೇಳದೆ ಕೊಡಬಾರದು. ಮುಟ್ಟು ನಿಂತ ಅವ್ವಂದಿರಿಗೆ ಯೀಸ್ಟ್ ಕಡಿಮಿ, ಅವರಿಗೆ ಕಡಿತ ಬಂದ್ರ ಶುಗರ್ ಇರಬಹುದು ಇಲ್ಲಾ ಚರ್ಮದ ಬ್ಯಾರೆ ರೋಗ ಇರಬಹುದು, ಅಲ್ಲಿ ಕಣ್ಣಿಲೆ ನೋಡಲೇಬೇಕು.

ದವಾಖಾನಿಯಾಗ ದಾರಿ ಸಿಗಲಿಲ್ಲ ಅಂದ್ರ ಹೆಣ್ಮಕ್ಕಳು ಸುಮ್ನ ಕೂಡಂಗಿಲ್ಲ, ಮೆಡಿಕಲ್‌ಗೆ ಹೋಗ್ತಾರ. ಅಲ್ಲಿ ಕೌಂಟರಿನಾಗ ಗಂಡು ಹುಡುಗ ನಿಂತಿರ್ತಾನ, "ಅಣ್ಣಾ ಕಡಿತಕ್ಕ ಏನರ ಕೊಡು" ಅಂದ್ರ ಸ್ಟೀರಾಯ್ಡ್ ಮಿಕ್ಸ್ ಇರೋ ಟ್ಯೂಬ್ ಕೊಡ್ತಾನ. ಎರಡು ದಿನ ತಂಪು ಅನಿಸ್ತದ, ಆಮ್ಯಾಲ ಫಂಗಸ್ ಇನ್ನಾ ಜೋರು ಆಗ್ತದ, ಚರ್ಮ ತೆಳ್ಳಗಾಗಿ ಸೀಳ್ತದ. 2018ರಾಗ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸ್ಯದ, ಚೀಟಿ ಇಲ್ದ ಮಾರಂಗಿಲ್ಲ, ಆದ್ರ ಯಾವ ಅಂಗಡಿಯಾಗ ಚೀಟಿ ಕೇಳ್ತಾರ ಹೇಳ್ರಿ. ಊರಾಗಿನ ಆರ್‌ಎಂಪಿ ಅನ್ನೋ ಹಳ್ಳಿ ಡಾಕ್ಟರ್ ಹತ್ರ ಹೋದ್ರ ಸೂಜಿ, ಸಲೈನು, ಆಂಟಿಬಯಾಟಿಕ್. ಆ ಆಂಟಿಬಯಾಟಿಕ್ ಯೀಸ್ಟನ್ನ ಹಿಡಿದು ಇಟ್ಟ ಒಳ್ಳೆ ಬ್ಯಾಕ್ಟೀರಿಯಾನೇ ಕೊಂದುಬಿಡ್ತದ, ರೋಗ ಕಡಿಮಿ ಆಗೋದು ಬಿಟ್ಟು ಹೆಚ್ಚಾಗ್ತದ. ಮನ್ಯಾಗ ಡೆಟಾಲ್ ನೀರು, ಉಪ್ಪು ನೀರು, ಸೋಪು ಹಾಕಿ ಒಳಗ ತನ ತೊಳೆಯೋರು ಅದಾರ, ಉರಿ ಮ್ಯಾಲ ಉರಿ. ಹೊರಗ ಬರೇ ನೀರು ಸಾಕ್ರಿ, ಒಳಗ ಏನೂ ಹಾಕಬ್ಯಾಡ್ರಿ. ಮೊಸರು ಉಣ್ಣೋದು ಛಲೋನೇ, ಉಣ್ರಿ, ಆದ್ರ ಅದನ್ನ ಒಳಗ ಹಚ್ಚಿದ್ರ ರೋಗ ಹೋಗ್ತದ ಅನ್ನಾಕ ಗಟ್ಟಿ ಪುರಾವೆ ಇಲ್ಲ.

ಈಗ ನನಗ ಎಲ್ಲಾಕಿಂತ ಹೆಚ್ಚು ಸಂಕಟ ಕೊಡೋ ಮಾತು. ನಾಕನೇ ಸಲ, ಐದನೇ ಸಲ ಬಂದು ಬಂದು ಸೋತ ಹೆಣ್ಮಗಳಿಗೆ ನಮ್ಮ ಭಾಗದಾಗ ಕಡೀಗೆ ಹೇಳೋದು ಏನು ಗೊತ್ತೇನ್ರಿ, "ಗರ್ಭಚೀಲ ತೆಗೆಸಿಬಿಡು, ಕ್ಯಾನ್ಸರ್ ಆಗ್ತದ". ಕಲಬುರಗಿ ಜಿಲ್ಲಾದಾಗ ಹೊಟ್ಟಿ ನೋವು, ಸೊಂಟ ನೋವು, ಬಿಳಿ ಸೆರಗು ಅಂತ ಹೋದ ತಾಂಡಾದ ಲಂಬಾಣಿ ಹೆಣ್ಮಕ್ಕಳಿಗೆ, ದಲಿತ ಹೆಣ್ಮಕ್ಕಳಿಗೆ ಸಣ್ಣ ವಯಸ್ಸಿನಾಗೇ ಖಾಸಗಿ ದವಾಖಾನಿಯಾಗ ಗರ್ಭಚೀಲ ತಗದಿದ್ದು 2015ರ ಆಸುಪಾಸು ದೇಶಕ್ಕೆಲ್ಲಾ ಸುದ್ದಿ ಆಯ್ತು, ಸಮಿತಿ ಬಂತು, ಹೋರಾಟ ಆಯ್ತು, ಆ ಹೆಣ್ಮಕ್ಕಳು ಬಿಸಿಲಾಗ ಬಂದು ಧರಣಿ ಕುಂತ್ರು. ಸಾಲ ಮಾಡಿ, ದನ ಮಾರಿ ಆಪರೇಷನ್ ಮಾಡಿಸ್ಕೊಂಡು ಆಮ್ಯಾಲ ಕೂಲಿಗೆ ಹೋಗ್ಲಾಕ ಶಕ್ತಿ ಇಲ್ದಂಗ ಆದೋರು ಈಗೂ ನಮ್ಮ ನಡುವ ಅದಾರ. ಯೀಸ್ಟ್ ಇರೋದು ಯೋನಿಯಾಗ, ಗರ್ಭಚೀಲದಾಗ ಅಲ್ಲ. ಗರ್ಭಚೀಲ ತಗದ್ರ ಯೀಸ್ಟ್ ಹೋಗಂಗಿಲ್ಲ, ಆ ಯೀಸ್ಟಿನಿಂದ ಗರ್ಭಚೀಲದ ಕ್ಯಾನ್ಸರೂ ಬರಂಗಿಲ್ಲ. ಜೋಡಿ ಅಂಡಾಶಯನೂ ತಗದ್ರ ಮೂವತ್ತಕ್ಕೇ ಮುಟ್ಟು ನಿಂತು ಎಲುಬು ಸವೀತಾವ, ಹೃದಯಕ್ಕ ತೊಂದ್ರಿ. 26 ಗುಳಿಗಿ ಕೊಡಬೇಕಾದ ಜಾಗದಾಗ ಇದು ಆಗ್ಯದ. ಎಲ್ಲಾರಿಗೂ ಯೀಸ್ಟೇ ಇತ್ತು ಅಂತ ನಾ ಹೇಳಂಗಿಲ್ಲ, ಆದ್ರ ಬಿಳಿ ಸೆರಗು ಅಂತ ಬಂದಾಕಿಗೆ ಒಂದು ಸ್ಲೈಡ್ ನೋಡೋ ವ್ಯವಸ್ಥೆ ಸರ್ಕಾರಿ ದವಾಖಾನಿಯಾಗ ಇದ್ದಿದ್ರ ಎಷ್ಟೋ ಮಂದಿ ಆ ಬಾಗಿಲಿಗೇ ಹೋಗ್ತಿರಲಿಲ್ಲ.

2023ರ ಏಪ್ರಿಲ್‌ನ್ಯಾಗ ಸುಪ್ರೀಂ ಕೋರ್ಟ್ ಅನಗತ್ಯ ಗರ್ಭಚೀಲ ಆಪರೇಷನ್ ತಡೆಯೋ ಮಾರ್ಗಸೂಚಿನ ಎಲ್ಲಾ ರಾಜ್ಯ ಮೂರು ತಿಂಗಳಾಗ ಜಾರಿ ಮಾಡಬೇಕು ಅಂತ ಹೇಳ್ಯದ. ಅದರಾಗ ಜಿಲ್ಲಾ ಮಟ್ಟದಾಗ ಒಂದು ಸಮಿತಿ ಇರಬೇಕು ಅಂತನೂ ಅದ. ನಮ್ಮ ಮೂರು ಜಿಲ್ಲಾದಾಗ ಆ ಸಮಿತಿ ಎಷ್ಟು ಸಲ ಕೂಡ್ಯದ, ನಲವತ್ತರ ಒಳಗಿನ ಎಷ್ಟು ಹೆಣ್ಮಕ್ಕಳ ಆಪರೇಷನ್ ಪರಿಶೀಲನಾ ಮಾಡ್ಯದ, ದಯವಿಟ್ಟು ಜನರ ಮುಂದ ಇಡ್ರಿ.

ಮತ್ತ ಮಾತಿನ ಬಗ್ಗೆ. ಓಪಿಡಿಯಾಗ ಎಲ್ಲಾರಿಗೂ ಕೇಳಂಗ "ಮದುವಿ ಆಗ್ಯದೇನು? ಗಂಡ ಎಲ್ಲಿರ್ತಾನ? ಮುಂಬೈಗೆ ಹೋಗ್ಯಾನೇನು?" ಅಂತ ಕೇಳೋದು ನಿಲ್ಲಬೇಕ್ರಿ. ಯೀಸ್ಟ್ ಮದುವಿ ಆಗದ ಹುಡುಗಿಗೂ ಬರ್ತದ, ಗಂಡನ ಹತ್ರ ಹೋಗದ ಹೆಣ್ಮಗಳಿಗೂ ಬರ್ತದ, ಇದು ಲೈಂಗಿಕ ರೋಗ ಅಂತ ಲೆಕ್ಕಕ್ಕ ಬರಂಗಿಲ್ಲ, ಗಂಡಗ ತ್ರಾಸು ಇಲ್ಲಂದ್ರ ಅವಗ ಔಷಧನೂ ಬ್ಯಾಡ. ಬ್ಯಾರೆ ರೋಗದ ಸಂಶಯ ಇದ್ರ ಕೇಳಲೇಬೇಕು, ಆದ್ರ ಪರದಾ ಹಿಂದ, ಮೆಲ್ಲಗ, ಯಾಕ ಕೇಳ್ತೀನಿ ಅಂತ ಹೇಳಿ ಕೇಳ್ರಿ. ಆ ಒಂದು ಪ್ರಶ್ನೆ ಅತ್ತಿ ಕಿವಿಗೆ ಬಿದ್ರ ಮನ್ಯಾಗ ಏನಾಗ್ತದ ನಿಮಗ ಗೊತ್ತಿಲ್ದೇ ಇಲ್ಲ. ಕಾಲೇಜು ಹುಡುಗ್ಯಾರು, ಹಾಸ್ಟೆಲ್ ಹುಡುಗ್ಯಾರು ಹದಿಹರೆಯದೋರಿಗೆ ಅಂತ ಸರ್ಕಾರಿ ದವಾಖಾನಿಯಾಗ ಇರೋ ಸ್ನೇಹ ಕ್ಲಿನಿಕ್ ಹೆಸರು ಕೇಳ್ಯಾರ, ಅಲ್ಲಿ ಇದಕ್ಕೂ ಹೋಗಬಹುದು ಅನ್ನೋದು ಮಾತ್ರ ಗೊತ್ತಿಲ್ಲ. ಲೇಡಿ ಡಾಕ್ಟರ್ ಯಾವ ದಿನ ಇರ್ತಾರ ಅನ್ನೋ ಬೋರ್ಡರ ಹಾಕ್ರಿ. ಶಕ್ತಿ ಬಸ್‌ನ್ಯಾಗ ಟಿಕೆಟ್ ಇಲ್ಲ ಖರೇ, ಆದ್ರ ಆಳಂದದ ಹಳ್ಳಿಯಿಂದ ಬಂದು ಡಾಕ್ಟರ್ ಬಾಯಿ ಇಲ್ಲ ಅಂತ ವಾಪಸ್ ಹೋದಾಕಿಗೆ ಒಂದಿನದ ಕೂಲಿ ಹೋಗಿರ್ತದ, ಆಕಿ ಮತ್ತ ಬರಂಗಿಲ್ಲ.

ಹಂಗಾಗಿ ನನ್ನ ಬೇಡಿಕಿ ಇಷ್ಟೇ. ಬಿಳಿ ಸೆರಗು, ಕಡಿತ ಅಂತ ಬಂದ ಹೆಣ್ಮಗಳ ಕೈಗೆ ತಾಯಿ ಕಾರ್ಡಿನಂಗ ಒಂದು ಸಣ್ಣ ಕಾರ್ಡ್ ಕೊಡ್ರಿ, ರೋಗದ ಹೆಸರು ಮ್ಯಾಲ ಬರೀಬ್ಯಾಡ್ರಿ, ಬರೇ ತಾರೀಖು ಮತ್ತ ಕೊಟ್ಟ ಔಷಧ. ಒಂದೇ ವರ್ಷದಾಗ ಕಾರ್ಡಿನಾಗ ಮೂರನೇ ಸಲ ತಾರೀಖು ಬಿದ್ದ ದಿನ ಆಕಿಗೆ ಕಿಟ್ ಕೊಡೋದು ನಿಲ್ಲಿಸಿ ಪಟ್ಟಿ, ಸ್ಲೈಡ್, ಶುಗರ್, ಗರ್ಭಿಣಿ ಹೌದೋ ಅಲ್ಲೋ, ಇಷ್ಟು ನೋಡೋ ನಿಯಮ ಮಾಡ್ರಿ. ಕಲ್ಚರ್ ಬೇಕಾದ್ರ ಮೆಡಿಕಲ್ ಕಾಲೇಜಿಗೆ ಕಳಿಸ್ರಿ. ವಾರದ ಗುಳಿಗಿ ತಾಲೂಕು ದವಾಖಾನಿ ಸ್ಟಾಕಿನಾಗ ಇಡ್ರಿ, ತಿಂಗಳಿಗೊಮ್ಮಿ ನಾಕೈದು ಗುಳಿಗಿ ಆಶಾ ಅಕ್ಕೋರ ಕೈಲೆ ಮುಟ್ಟಿಸಿದ್ರೂ ನಡೀತದ. ಆರು ತಿಂಗಳ ನಡುವನೇ ಮತ್ತ ಬಂದ್ರ ಗುಳಿಗಿಗೆ ಬಗ್ಗದ ಯೀಸ್ಟ್ ಇರಬಹುದು, ಮತ್ತ ಕಲ್ಚರ್ ಮಾಡ್ರಿ, ಡೋಸ್ ಏರಿಸ್ತಾ ಹೋಗಬ್ಯಾಡ್ರಿ. ರೊಕ್ಕದ ಮಾತು ಬಂದ್ರ, ಸಂವಿಧಾನದಾಗ ನಮ್ಮ ಭಾಗಕ್ಕ ಅಂತ 371ಜೆ ಕಲಂ ಬಂದ ಮ್ಯಾಲ ನಮ್ಮ ಕಲ್ಯಾಣ ಕರ್ನಾಟಕಕ್ಕ ಅಂತನೇ ಮಂಡಳಿ ಅದ, ಅನುದಾನ ಅದ, ಕಟ್ಟಡಕ್ಕ ಎಷ್ಟೋ ಖರ್ಚು ಆಗ್ತದ, ಇದು ಆ ಖರ್ಚಿನ ಮುಂದ ಏನೂ ಅಲ್ಲ. ತಿಳುವಳಿಕಿ ಹಾಳಿ ಕನ್ನಡದಾಗೂ ಉರ್ದುದಾಗೂ ಇರಲಿ, ತಾಂಡಾದಾಗ ಲಂಬಾಣಿ ಮಾತಾಡೋ ಅಕ್ಕೋರೇ ಹೋಗಿ ಹೇಳಲಿ.

ಅಕ್ಕ-ತಂಗ್ಯಾರೇ, ನಿಯಮ ಬರೋ ತನ ನೀವು ಒಂದು ಕೆಲಸ ಮಾಡ್ರಿ. ಕಡಿತ ಶುರು ಆದ ತಾರೀಖು, ತಗೊಂಡ ಗುಳಿಗಿ ಹೆಸರು ಕ್ಯಾಲೆಂಡರ್ ಹಿಂದ ಬರ್ಕೊಳ್ರಿ, ಗುಳಿಗಿ ಖಾಲಿ ಪಾಕೀಟು ಒಗೀಬ್ಯಾಡ್ರಿ. ಮುಂದಿನ ಸಲ ಡಾಕ್ಟರ್ ಮುಂದ ಕುಂತಾಗ ಬಿಳಿ ಹೋಗ್ತದ ಅನ್ನೋಕಿಂತ ಮೊದ್ಲು "ಡಾಕ್ಟರ್ರೀ, ಈ ವರ್ಷ ಇದು ಇಷ್ಟನೇ ಸಲ, ಈ ಗುಳಿಗಿ ತಗೊಂಡೀನಿ, ಸ್ವಾಬ್ ತಗದು ನೋಡ್ರಿ" ಅನ್ರಿ. ಗರ್ಭಿಣಿ ಇದ್ರ, ಮುಟ್ಟು ತಡ ಆಗಿದ್ರ, ಶುಗರ್ ಗುಳಿಗಿ ನಡದಿದ್ರ ಅದನ್ನೂ ಅಲ್ಲೇ ಹೇಳ್ರಿ. ಹೊಟ್ಟಿ ನೋವು, ಜ್ವರ, ನಾತ, ರಕ್ತ ಇದ್ರ ಕಾಯಬ್ಯಾಡ್ರಿ, ಅವತ್ತೇ ಹೋಗ್ರಿ. ಯಾರರ ಗರ್ಭಚೀಲ ತೆಗೆಸು ಅಂದ್ರ ಆ ಚೀಟಿ ತಗೊಂಡು ಜಿಲ್ಲಾ ದವಾಖಾನಿಗೆ ಇಲ್ಲಾ ಮೆಡಿಕಲ್ ಕಾಲೇಜಿಗೆ ಹೋಗಿ ಇನ್ನೊಬ್ಬ ಡಾಕ್ಟರ್‌ಗೆ ತೋರಿಸದೆ ಸಹಿ ಮಾಡಬ್ಯಾಡ್ರಿ.

ಅಧಿಕಾರಿಗಳೇ, ಕಾರ್ಡಿನ ವಿಚಾರ ಒಂದೇ ಒಂದು ತಾಲೂಕಿನಾಗರ ಈ ಬ್ಯಾಸಗಿ ಮುಂಚೆ ಶುರು ಮಾಡಿ ನೋಡ್ರಿ, ಚಿತ್ತಾಪುರ ಆಗಲಿ, ಗುರುಮಠಕಲ್ ಆಗಲಿ, ಔರಾದ್ ಆಗಲಿ. ಕಾರ್ಡಿನಾಗ ಏನೇನು ಬರೀಬೇಕು, ಹೆಣ್ಮಕ್ಕಳಿಗೆ ಯಾವ ಮಾತಿನಾಗ ಕೇಳಬೇಕು ಅನ್ನೋದಕ್ಕ ನಮ್ಮಂಥೋರನ್ನ ಕರೀರಿ, ನಾವು ಬಂದು ಕೂಡ್ತೀವಿ.

ಇಂತಿ ನಿಮ್ಮ ಜಿಲ್ಲಾದ ಒಬ್ಬ ಹೆಣ್ಮಗಳು,
ಕಲಬುರಗಿ